ಕೇಪಿನ ಕೋವಿಯ ಹನ್ನೊಂದು ಸ್ಕ್ರೂ, ಒಂದು ನಿಪ್ಪಲ್

ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ. ಹನ್ನೊಂದು ಸ್ಕ್ರೂಗಳಲ್ಲಿ ಒಂಬತ್ತು ನೆಟ್ಟಗೆ ಬಂದವು. ಒಂದರ ತಲೆ ಕೊರೆದು ತೆಗೆದೆ. ಒಂದು ಇನ್ನೂ ಮರದೊಳಗೇ ಕೂತಿದೆ. ನಿಪ್ಪಲ್ ಬಂದಿದ್ದು 31ನೇ ದಿನ. ಮರೆಯುವ ಮುಂಚೆ ಬರೆದಿಡೋಣ ಅಂತ ಕೂತಿದ್ದೇನೆ. ಎಲ್ಲೆಲ್ಲಿ ಕೆಡಿಸಿದೆ ಅನ್ನುವುದೂ ಇದರಲ್ಲಿದೆ.

ಇದ್ದ ಸ್ಥಿತಿ

ಮಾವನ ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಒಂಟಿ ನಳಿಗೆಯ ಕೇಪಿನ ಕೋವಿ. ಬಾಯಿಯಿಂದ ಮದ್ದು, ಚರೆ ತುಂಬಿ ಗಜ ಅನ್ನುವ ಉದ್ದ ಕೋಲಿನಲ್ಲಿ ಜಡಿದು, ಹಿಂದೆ ನಿಪ್ಪಲ್ ಅನ್ನುವ ತೂತಿನ ಮೊಳೆಯ ಮೇಲೆ, ಬಡಿದರೆ ಕಿಡಿ ಕೊಡುವ ಕೇಪು ಕೂರಿಸುವ ಹಳೇ ಬಗೆ. ನಳಿಗೆ 762 ಮಿ.ಮೀ., ಒಟ್ಟು ಉದ್ದ 1,170. ಹೊಡೆಯುವ ಉದ್ದೇಶ ಇಲ್ಲ. ಗೋಡೆ ಮೇಲೆ ಚೆಂದ ಕಾಣಬೇಕು, ಕುದುರೆ ಎಳೆದರೆ ಆಡಬೇಕು, ಅಷ್ಟೇ. ಲೈಸೆನ್ಸ್ ಮಾವನ ಹೆಸರಲ್ಲಿದೆ. ಹಾಗಾಗಿ ಕೋವಿಯನ್ನು ನಾನು ಮನೆಗೆ ತರಲಿಲ್ಲ. ಟೂಲ್ ಚೀಲ ಹೊತ್ತುಕೊಂಡು ನಾನೇ ಅವರಲ್ಲಿಗೆ ಹೋಗುತ್ತಿದ್ದೆ.

ಒಂದು ಮಾತು. ನಾನು ಕುದುರೆ ಅನ್ನುವುದು ಮೇಲಿಂದ ಬಂದು ಕೇಪಿಗೆ ಬಡಿಯುವ ಕೊಕ್ಕಿಗೆ. ಬೆರಳಲ್ಲಿ ಎಳೆಯುವುದಕ್ಕೂ ಕೆಲವರು ಕುದುರೆ ಅಂತಾರೆ. ಗೊಂದಲ ಬೇಡ, ಅದನ್ನು ಇಲ್ಲಿ ಟ್ರಿಗರ್ ಅಂತಲೇ ಬರೆಯುತ್ತೇನೆ.

ಸ್ಕ್ರೂಗಳ ಲೆಕ್ಕ ಹೀಗೆ. ಕುದುರೆಯನ್ನು ಆಡಿಸುವ ಯಂತ್ರವನ್ನು, ಅಂದರೆ ಲಾಕನ್ನು, ಮರಕ್ಕೆ ಬಿಗಿಯುವ ಅಡ್ಡ ಸ್ಕ್ರೂ ಎರಡು. ನಳಿಗೆಯ ಹಿಂದಿನ ಬಾಲವನ್ನು ಮರಕ್ಕೆ ಬಿಗಿಯುವ ಉದ್ದದ್ದು ಒಂದು. ಟ್ರಿಗರ್ ಗಾರ್ಡಿಗೆ ಮರದ ಸ್ಕ್ರೂ ಎರಡು, ಭುಜಕ್ಕೆ ಒತ್ತುವ ತಟ್ಟೆಗೆ ಎರಡು. ಲಾಕಿನ ಒಳಗೆ ನಾಲ್ಕು. ಒಂದೂ ಅಲುಗಾಡುತ್ತಿರಲಿಲ್ಲ. ಕುದುರೆ ಕೆಳಗೆ ಬಿದ್ದಲ್ಲೇ ಕಚ್ಚಿಕೊಂಡಿತ್ತು. ಟ್ರಿಗರ್ ಮಾತ್ರ ಸುಮ್ನೆ ಲಡಲಡ ಅಲ್ಲಾಡುತ್ತಿತ್ತು.

ದಿನ 1: ಸ್ಕ್ರೂಡ್ರೈವರ್ ಮುಟ್ಟುವ ಮುಂಚೆ

ಹಳೇ ಕೇಪಿನ ಕೋವಿ ಕೈಗೆ ಬಂದರೆ ಮೊದಲು ನೋಡಬೇಕಾದ್ದು ತುಕ್ಕಲ್ಲ, ಒಳಗೆ ಈಡು, ಅಂದರೆ ತುಂಬಿಟ್ಟ ಮದ್ದು ಚರೆ, ಇದೆಯಾ ಅನ್ನುವುದು. ತೋಟೆ ಕೋವಿಯಾದರೆ ಮಡಚಿ ನೋಡಬಹುದು. ಇದರಲ್ಲಿ ಹಿಂದಿನಿಂದ ನೋಡುವ ದಾರಿಯೇ ಇಲ್ಲ.

ಬಾಯಿಯ ಹತ್ತಿರ ಕುಂಬಾರ ಹುಳು ಕಟ್ಟಿದ ಮಣ್ಣುಗೂಡು ಇತ್ತು. ಅದನ್ನು ಕೆದಕಿ ತೆಗೆದು 6 ಮಿ.ಮೀ. ದಪ್ಪದ ಮರದ ಕೋಲು ಇಳಿಸಿದೆ. ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಕೋಲನ್ನು ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದೆ. ಹೊರಗಿನಿಂದ ಅಳೆದರೆ ಬಾಯಿಯಿಂದ ನಿಪ್ಪಲ್ ಬುಡಕ್ಕೆ 741 ಮಿ.ಮೀ. ಕೋಲು ಒಳಗೆ ಹೋಗಿದ್ದು 683. ಅಂದರೆ 58 ಮಿ.ಮೀ. ಜಾಗದಲ್ಲಿ ಏನೋ ಕೂತಿದೆ. ತಟ್ಟಿದರೆ ಕಬ್ಬಿಣಕ್ಕೆ ತಾಗಿದ ಸದ್ದಲ್ಲ, ಮೆತ್ತಗೆ ಟಪ್ ಅನ್ನುತ್ತಿತ್ತು.

"ಅಪ್ಪ ತುಂಬಿಟ್ಟೇ ನೇತುಹಾಕಿದ್ರೋ ಏನೋ," ಅಂದರು ಮಾವ.

ಅಲ್ಲಿಗೆ ಆ ದಿನದ ಕೆಲಸ ನಿಲ್ಲಿಸಿದೆ. ಸುತ್ತಿಗೆ ಇಲ್ಲ, ಬಿಸಿ ಇಲ್ಲ, ಬಾಯಿ ಯಾರ ಕಡೆಗೂ ಇಲ್ಲ. ಈಡು ತೆಗೆಯುವ ಕೆಲಸಕ್ಕೆ ನಾನು ಕೈ ಹಾಕಲಿಲ್ಲ. ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನು ಮಾವ ಕರೆಸಿದರು. ಅವರು ಒಳಗೆಲ್ಲ ನೆನೆಸಿ, ಗಜದ ತುದಿಗೆ ತಿರುಪು ಸಿಕ್ಕಿಸಿ ನಿಧಾನಕ್ಕೆ ಎಳೆದರು. ಮೊದಲು ಬಟ್ಟೆ ಚೂರು, ಆಮೇಲೆ ಚರೆ, ಮತ್ತೊಂದು ಬಟ್ಟೆ, ಕೊನೆಗೆ ಕಪ್ಪು ಹೆಂಟೆಯಾಗಿದ್ದ ಮದ್ದು. ನೆನೆದ ಮದ್ದು ಸತ್ತ ಹಾಗೆ ಕಾಣುತ್ತೆ, ಒಣಗಿದರೆ ಮತ್ತೆ ಹತ್ತಿಕೊಳ್ಳಬಹುದು. ಅದಕ್ಕೇ ಅದನ್ನೂ ಅವರೇ ತೆಗೆದುಕೊಂಡು ಹೋದರು. ನಳಿಗೆ ತೊಳೆದು ಒಣಗಿಸಿದ ಮೇಲೆ ಮತ್ತೆ ಕೋಲು ಇಳಿಸಿದೆ: 740. ಈಗ ಸರಿ.

ಈ ಅಳತೆ ಮಾಡದೆ ನೇರ ಹೀಟ್ ಗನ್ ಹಿಡಿದಿದ್ದರೆ? ಆ ರಾತ್ರಿ ಇದನ್ನೇ ಯೋಚಿಸುತ್ತಾ ಮಲಗಿದ್ದೆ.

ದಿನ 4: ಮೊದಲ ತಪ್ಪು, ಅರ್ಧ ನಿಮಿಷದಲ್ಲಿ

ಡಬ್ಬದಲ್ಲಿದ್ದ ದೊಡ್ಡ ಸ್ಕ್ರೂಡ್ರೈವರ್ ತೆಗೆದು ಮುಂದಿನ ಅಡ್ಡ ಸ್ಕ್ರೂಗೆ ಇಟ್ಟು ಒತ್ತಿ ತಿರುಗಿಸಿದೆ. ಕರ್ರ್ ಅಂತ ಜಾರಿತು. ಸೀಳಿನ ಒಂದು ಅಂಚು ಎದ್ದು ನಿಂತಿತು. ಪಕ್ಕದ ಮರದ ಮೇಲೆ 12 ಮಿ.ಮೀ. ಉದ್ದದ ಗೀರು. ಆ ಗೀರು ಇವತ್ತಿಗೂ ಇದೆ. ಮಾವ ಇನ್ನೂ ಗಮನಿಸಿಲ್ಲ.

ಆಮೇಲೆ ಕೂತು ಅಳೆದೆ. ಸೀಳಿನ ಅಗಲ 0.9 ಮಿ.ಮೀ., ಆಳ 1.6. ನನ್ನ ಸ್ಕ್ರೂಡ್ರೈವರಿನ ತುದಿ 0.8, ಆದರೆ ಮೇಲೆ ಹೋಗುತ್ತಾ ಬೆಣೆಯ ಹಾಗೆ ದಪ್ಪವಾಗುತ್ತೆ. ತುದಿಯಿಂದ 2 ಮಿ.ಮೀ. ಮೇಲೆ 1.3. ಹಾಗಾಗಿ ಅದು ಸೀಳಿನ ತಳ ಮುಟ್ಟುವುದೇ ಇಲ್ಲ. ಬಾಯಲ್ಲೇ ಸಿಕ್ಕಿಕೊಂಡು ನಿಲ್ಲುತ್ತೆ, ತಿರುಗಿಸಿದರೆ ಮೇಲಕ್ಕೆ ಹತ್ತಿ ಜಾರುತ್ತೆ. ಕೋವಿಯ ಸ್ಕ್ರೂ ಸೀಳುಗಳು ಸಣ್ಣವು, ಪಕ್ಕಗಳು ನೇರ. ಅದಕ್ಕೆ ತುದಿಯೂ ನೇರ ಪಕ್ಕದ್ದೇ ಬೇಕು. ಅಗಲ ಸ್ಕ್ರೂ ತಲೆಯಷ್ಟೇ ಇರಬೇಕು, ಒಂದು ಕೂದಲೆಳೆ ಕಮ್ಮಿ ಇದ್ದರೂ ಒಳ್ಳೆಯದು, ಪಕ್ಕದ ಲೋಹಕ್ಕೆ ತಾಗುವುದಿಲ್ಲ.

ಎರಡು ಹಳೇ ಸ್ಕ್ರೂಡ್ರೈವರ್ ಬಲಿ ಕೊಟ್ಟೆ. ಒಂದನ್ನು ಗ್ರೈಂಡರಿಗೆ ಒತ್ತಿ ಹಿಡಿದೆ. ಅವಸರ. ತುದಿ ನೀಲಿಗೆ ತಿರುಗಿ, ನೀಲಿಯೂ ದಾಟಿ ಬೂದಿ ಬಣ್ಣಕ್ಕೆ ಹೋಯಿತು. ಗಡಸೆಲ್ಲ ಇಳಿದುಹೋಗಿತ್ತು. ಸ್ಕ್ರೂಗೆ ಇಟ್ಟು ತಿರುಗಿಸಿದರೆ ಸ್ಕ್ರೂ ಅಲ್ಲೇ ಇದೆ, ತುದಿ ತಿರುಚಿಕೊಂಡಿತು. ಎರಡನೆಯದನ್ನು ಎರಡು ಸೆಕೆಂಡು ಚಕ್ರಕ್ಕೆ, ಕೂಡಲೇ ನೀರಿಗೆ, ಹೀಗೆ ಮಾಡುತ್ತಾ ಹೋದೆ. ಕೊನೆಯ ಅಳತೆ ಸಾಣೆಕಲ್ಲಿನ ಮೇಲೆ. ಮುಕ್ಕಾಲು ಗಂಟೆ ಹಿಡಿಯಿತು. ಸೀಳಿಗೆ ಇಟ್ಟು ಕೈ ಬಿಟ್ಟರೆ ಸ್ಕ್ರೂಡ್ರೈವರ್ ತಾನೇ ನಿಲ್ಲಬೇಕು, ಅಷ್ಟು ಬಿಗಿ. ಇಡೀ ಕೆಲಸದಲ್ಲಿ ಇಂಥ ತುದಿ ನಾಲ್ಕು ಮಾಡಿಕೊಂಡೆ.

ಎದ್ದು ನಿಂತ ಅಂಚನ್ನು ಅರದಿಂದ ಉಜ್ಜಲಿಲ್ಲ. ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಲೋಹವನ್ನು ವಾಪಸ್ ಸೀಳಿನ ಕಡೆಗೆ ಕೂರಿಸಿದೆ. ಆಮೇಲೆ ತೆಳ್ಳಗೆ ಸವೆಸಿದ ಹ್ಯಾಕ್ಸಾ ಬ್ಲೇಡಿನಿಂದ ಸೀಳು ಮತ್ತೆ ನೇರ ಮಾಡಿದೆ. ಮುಕ್ಕಾಲು ಭಾಗ ಸರಿಹೋಯಿತು.

ಸೀಳಿನ ತಳ ನೋಡಿ ಅಂತಲೂ ಹೇಳಬೇಕು. ಎರಡು ಸ್ಕ್ರೂಗಳಲ್ಲಿ ಅರ್ಧ ಆಳ ಮಾತ್ರ ಸೀಳು, ಮಿಕ್ಕಿದ್ದು ಕಲ್ಲಾಗಿದ್ದ ಹಳೇ ಗ್ರೀಸು. ಗೋಣಿ ಹೊಲಿಯುವ ಸೂಜಿಯಿಂದ ಕೆದಕಿದರೆ ಕಂದು ಸಿಪ್ಪೆಯ ಹಾಗೆ ಸುರುಳಿ ಸುರುಳಿಯಾಗಿ ಎದ್ದು ಬಂತು.

ದಿನ 4ರಿಂದ 10: ಎಣ್ಣೆ

ಮೊದಲು ಡಬ್ಲ್ಯೂಡಿ-40 ಹೊಡೆದೆ, ಎಲ್ಲರೂ ಮಾಡುವ ಹಾಗೆ. ಅದು ಮೊದಲಿಗೆ ನೀರು ಓಡಿಸಲು ಮಾಡಿದ್ದು, ಹೆಸರಿನಲ್ಲೇ ಅದಿದೆ. ಸಾಧಾರಣ ತುಕ್ಕಿಗೆ ಪರವಾಗಿಲ್ಲ. ಇದಕ್ಕೆ ಏನೂ ಆಗಲಿಲ್ಲ. ಆಮೇಲೆ ತುಕ್ಕು ಬಿಡಿಸಲೆಂದೇ ಮಾರುವ ತೆಳು ಎಣ್ಣೆಗೆ ಬದಲಾಯಿಸಿದೆ. ದಿನಕ್ಕೆ ಒಂದು ಹನಿ, ತಲೆಯ ಸುತ್ತ. ಅಡ್ಡ ಸ್ಕ್ರೂಗಳ ಇನ್ನೊಂದು ತುದಿ ಲಾಕಿನ ತಟ್ಟೆಯಲ್ಲಿ ಚುಕ್ಕೆಯ ಹಾಗೆ ಕಾಣುತ್ತೆ. ಅಲ್ಲೂ ಒಂದು ಹನಿ. ಥ್ರೆಡ್ ಇರುವುದೇ ಆ ಕಡೆ. ತಲೆಗೆ ಎಷ್ಟು ಸುರಿದರೂ ಅದು ಮರ ಕುಡಿಯುತ್ತೆ, ಥ್ರೆಡ್ಡಿಗೆ ತಲುಪಲ್ಲ. ಇದು ನನಗೆ ಹೊಳೆದಿದ್ದು ಎಣ್ಣೆ ಶುರು ಮಾಡಿದ ಮೂರನೇ ದಿನ.

ನಾನಿಲ್ಲದ ದಿನ ಹನಿ ಹಾಕುವ ಕೆಲಸ ಮಾವನದು. "ಒಂದು ಹನಿ ಹಾಕಿ ಮಾವ" ಅಂದಿದ್ದೆ. ಯಾವುದರಿಂದ ಅಂತ ಹೇಳಿರಲಿಲ್ಲ. ಅವರು ಡಬ್ಬಿಯನ್ನೇ ಬಗ್ಗಿಸಿದ್ದಾರೆ. ಏಳನೇ ದಿನ ಬಂದು ನೋಡಿದರೆ ಲಾಕಿನ ಸುತ್ತ ಎರಡು ಬೆರಳಗಲ ಮರ ಕಪ್ಪಾಗಿತ್ತು. ಸೀಮೆಸುಣ್ಣ ಪುಡಿ ಮಾಡಿ ದಪ್ಪಗೆ ಮೆತ್ತಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪುಡಿ ಹಳದಿ ಆಗಿತ್ತು, ಅಂದರೆ ಎಣ್ಣೆ ಎಳೆದಿದೆ. ಮೂರು ಸಲ ಮೆತ್ತಿದ ಮೇಲೆ ಕಲೆ ಅರ್ಧಕ್ಕೆ ಇಳಿಯಿತು. ಪೂರ್ತಿ ಹೋಗಿಲ್ಲ. ತಪ್ಪು ಅವರದಲ್ಲ, ಸಿರಿಂಜ್ ಕೊಟ್ಟು ಹೋಗಬೇಕಿತ್ತು. ಆಮೇಲೆ ಕೊಟ್ಟೆ.

ದಿನ 10, 11: ಅಡ್ಡ ಸ್ಕ್ರೂಗಳು

ಹಿಂದಿನದು ಹತ್ತನೇ ದಿನ ಬಂತು. ಬಿಚ್ಚುವ ಕಡೆಗೆ ತಿರುಗಿಸುವ ಮುಂಚೆ ಬಿಗಿಯುವ ಕಡೆಗೆ ಒಂದು ಚೂರು ಒತ್ತಿದೆ. ಟಿಕ್ ಅಂತು. ಆಮೇಲೆ ಬಿಚ್ಚುವ ಕಡೆಗೆ. ಕಾಲು ಸುತ್ತು ಬಿಚ್ಚಿ, ಅರ್ಧ ಕಾಲು ವಾಪಸ್, ಎಣ್ಣೆ, ಮತ್ತೆ ಬಿಚ್ಚು. ಒಂದೇ ಸಲ ಎಳೆದುಬಿಟ್ಟರೆ ತುಕ್ಕಿನ ಪುಡಿ ಥ್ರೆಡ್ಡಿನಲ್ಲೇ ಸಿಕ್ಕಿ ಮತ್ತೆ ಕಚ್ಚುತ್ತೆ.

ಮುಂದಿನದು, ನಾನು ಕೆಡಿಸಿದ್ದು, ಜಪ್ಪಯ್ಯ ಅನ್ನಲಿಲ್ಲ. ಮರದ ಪಕ್ಕದಲ್ಲಿ ಬೆಂಕಿ ಆಗದು. 60 ವ್ಯಾಟಿನ ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಐದು ನಿಮಿಷ ಒತ್ತಿ ಹಿಡಿದೆ. ಬಿಸಿ ನೇರ ಸ್ಕ್ರೂಗೆ ಮಾತ್ರ ಹೋಗುತ್ತೆ. ಮರದ ಕಮಟು ವಾಸನೆ ಬಂದ ಕೂಡಲೇ ತೆಗೆದೆ. ಆರುತ್ತಾ ಇರುವಾಗ ಎಣ್ಣೆ ಬಿಟ್ಟರೆ ಒಳಗೆ ಎಳೆದುಕೊಳ್ಳುತ್ತೆ. ಬಿಸಿಗೆ ಸ್ಕ್ರೂ ಹಿಗ್ಗುವುದು ಜಾಸ್ತಿ ಏನಲ್ಲ. 6 ಮಿ.ಮೀ. ಸ್ಕ್ರೂ 100 ಡಿಗ್ರಿ ಏರಿದರೆ 0.007 ಮಿ.ಮೀ. ಆದರೆ ತುಕ್ಕಿನ ಪದರ ಬಿರುಕು ಬಿಡಲು ಅಷ್ಟು ಸಾಕು. ಮೂರನೇ ಸಲಕ್ಕೆ ಅಲುಗಿತು.

ಬಂದ ಸ್ಕ್ರೂಗಳನ್ನು ಡಬ್ಬಕ್ಕೆ ಹಾಕಬೇಡಿ. ಹಳೇ ಕೋವಿಯಲ್ಲಿ ಒಂದರ ಸ್ಕ್ರೂ ಇನ್ನೊಂದರ ತೂತಿಗೆ ಕೂರುವುದಿಲ್ಲ, ನೋಡಲು ಒಂದೇ ಥರ ಇದ್ದರೂ. ರಟ್ಟಿನ ಮೇಲೆ ಕೋವಿಯ ಚಿತ್ರ ಬರೆದು ಅದದೇ ಜಾಗದಲ್ಲಿ ಚುಚ್ಚಿಟ್ಟೆ. ಈ ಅಡ್ಡ ಸ್ಕ್ರೂಗಳಲ್ಲೇ ಒಂದು 38.5, ಇನ್ನೊಂದು 41 ಮಿ.ಮೀ.

ದಿನ 12: ಉದ್ದದ ಸ್ಕ್ರೂ

ನಳಿಗೆಯ ಬಾಲದಿಂದ ಮರದ ಮೂಲಕ ಹೋಗಿ ಟ್ರಿಗರಿನ ತಟ್ಟೆಯಲ್ಲಿ ಕೂರುವ ಸ್ಕ್ರೂ. 58 ಮಿ.ಮೀ. ಉದ್ದ ಅಂತ ಆಮೇಲೆ ಗೊತ್ತಾಯಿತು. ಕೈಯಲ್ಲಿ ಆಗಲಿಲ್ಲ. ಒತ್ತಲು ಶಕ್ತಿ ಹಾಕಿದರೆ ತಿರುಗಿಸಲು ಉಳಿಯಲ್ಲ, ತಿರುಗಿಸಲು ಹಾಕಿದರೆ ತುದಿ ಎದ್ದುಬಿಡುತ್ತೆ.

ಮಾವನ ಶೆಡ್ಡಿನಲ್ಲಿ ಸ್ಟ್ಯಾಂಡ್ ಡ್ರಿಲ್ ಇತ್ತು. ಕರೆಂಟಿನ ಪ್ಲಗ್ ಕಿತ್ತು ಪಕ್ಕಕ್ಕಿಟ್ಟೆ, ಇದು ಮುಖ್ಯ. ಕೋವಿಯನ್ನು ಮೇಜಿನ ಮೇಲೆ ಮಲಗಿಸಿ ಎರಡೂ ತುದಿಗೆ ಮರದ ತುಂಡು, ಬಟ್ಟೆ ಕೊಟ್ಟು ಮಟ್ಟ ಮಾಡಿದೆ. ನಾನು ಸಾಣೆ ಹಿಡಿದ ತುದಿಯನ್ನು ಡ್ರಿಲ್ಲಿನ ಚಕ್ಕಿಗೆ ಕಚ್ಚಿಸಿ ಕೆಳಗಿಳಿಸಿದೆ. ಮಾವ ಹಿಡಿಕೆ ಜಗ್ಗಿ ಒತ್ತಿ ಹಿಡಿದರು. ನಾನು ಚಕ್ಕನ್ನು ಕೈಯಲ್ಲಿ ತಿರುಗಿಸಿದೆ. ತುದಿ ಮೇಲೇಳಲು ದಾರಿಯೇ ಇಲ್ಲ. ಡಕ್ ಅಂತ ಒಂದು ಸದ್ದು ಬಂತು. ಮರ ಸೀಳಿತು ಅಂತ ಎದೆ ಧಸಕ್ಕೆಂದಿತು. ಸ್ಕ್ರೂ ಬಿಟ್ಟಿದ್ದ ಸದ್ದು. ಹತ್ತು ನಿಮಿಷದ ಕೆಲಸ. ಅಡ್ಡ ಸ್ಕ್ರೂಗಳಿಗೂ ಇದನ್ನೇ ಮಾಡಬಹುದಿತ್ತು, ಆಗ ಹೊಳೆಯಲಿಲ್ಲ ನೋಡಿ.

ಟ್ರಿಗರ್ ಗಾರ್ಡಿನ ಎರಡು ಸ್ಕ್ರೂ ಸೋಲ್ಡರಿಂಗ್ ಐರನ್ನಿಗೆ ಸಲೀಸಾಗಿ ಬಂದವು. ಭುಜದ ತಟ್ಟೆಯ ಮೇಲಿನದೂ ಬಂತು. ಕೆಳಗಿನದು ನಾಳೆ ನೋಡೋಣ ಅಂತ ಬಿಟ್ಟೆ.

ದಿನ 12ರಿಂದ 19: ಲಾಕು

ಲಾಕು ಹೊರಬಂತು. ಒಳಗಡೆ ನೋಡಿದರೆ ಇಟ್ಟಿಗೆ ಪುಡಿ ಸುರಿದ ಹಾಗೆ. ದೊಡ್ಡ ಸ್ಪ್ರಿಂಗು, ಕುದುರೆಯ ಜೊತೆಗೇ ತಿರುಗುವ ಟಂಬ್ಲರ್, ಅದರ ಕಚ್ಚಿಗೆ ಸಿಕ್ಕಿ ಹಿಡಿಯುವ ಸಿಯರ್, ಮೇಲೆ ಮುಚ್ಚುವ ಬ್ರೈಡಲ್, ಎಲ್ಲ ಒಂದೇ ಗಂಟು. ಮಾಮೂಲಿ ಕ್ರಮ ಅಂದರೆ ಕುದುರೆಯನ್ನು ಪೂರ್ತಿ ಎಳೆದು, ದೊಡ್ಡ ಸ್ಪ್ರಿಂಗಿಗೆ ಕ್ಲಾಂಪ್ ಹಾಕಿ, ಕುದುರೆ ಇಳಿಸಿ, ಸ್ಪ್ರಿಂಗ್ ತೆಗೆಯುವುದು. ಇಲ್ಲಿ ಕುದುರೆಯೇ ಅಲ್ಲಾಡಲ್ಲ. ಕುದುರೆ ಕೆಳಗಿದ್ದಾಗಲೂ ಆ ಸ್ಪ್ರಿಂಗಿನಲ್ಲಿ ಬಿಗಿ ಇರುತ್ತೆ. ಮೀಟಿ ತೆಗೆಯಲು ಹೋದರೆ ಮುಖಕ್ಕೆ ಹಾರುತ್ತೆ, ಇಲ್ಲ ಎರಡು ತುಂಡಾಗುತ್ತೆ. ಕಣ್ಣಿಗೆ ಕನ್ನಡಕ ಹಾಕಿಯೇ ಮುಟ್ಟಿದ್ದು.

ಮರ ಇಲ್ಲದ್ದರಿಂದ ಈಗ ಗಟ್ಟಿ ಔಷಧಿ ಹಾಕಬಹುದು. ಅಸಿಟೋನ್ ಅರ್ಧ, ಆಟೋಮ್ಯಾಟಿಕ್ ಗೇರಿಗೆ ಹಾಕುವ ಕೆಂಪು ಎಣ್ಣೆ ಅರ್ಧ. ಎರಡೂ ಬೇರೆಯಾಗುತ್ತಲೇ ಇರುತ್ತವೆ, ಬಳಸುವಾಗೆಲ್ಲ ಅಲ್ಲಾಡಿಸಬೇಕು. ಮರದ ಪಾಲಿಶ್ ಹತ್ತಿರಕ್ಕೂ ಇದನ್ನು ತರಬಾರದು, ಎಬ್ಬಿಸಿಬಿಡುತ್ತೆ. ಬೆಂಕಿಯ ಹತ್ತಿರವಂತೂ ಬೇಡವೇ ಬೇಡ.

ಇಲ್ಲಿ ನನ್ನ ಅತಿ ದೊಡ್ಡ ಪೆದ್ದುತನ. ಗಾಜಿನ ಹಾಗೆ ಫಳಫಳ ಅನ್ನುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಲಾಕನ್ನು ಮುಳುಗಿಸಿ, ಮುಚ್ಚಳ ಹಾಕಿ ಮನೆಗೆ ಹೋದೆ. ಮಾರನೇ ದಿನ ಮಾವನ ಫೋನು. "ನಿನ್ನ ಡಬ್ಬಿ ಕೂತ್ಕೊಂಡಿದೆ ಕಣೋ." ಹೋಗಿ ನೋಡಿದರೆ ತಳ ಅಂಟಾಗಿ ಕರಗಿ, ಲಾಕಿಗೆ ಬಿಳೀ ಬಬಲ್‌ಗಮ್ ಥರ ಮೆತ್ತಿಕೊಂಡಿದೆ. ಎಣ್ಣೆ ಮೇಜಿನ ತುಂಬ. ಆ ಜಾತಿಯ ಪ್ಲಾಸ್ಟಿಕ್ಕನ್ನು ಅಸಿಟೋನ್ ಕರಗಿಸುತ್ತೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿದೆ. ಆ ಅಂಟು ಬಿಡಿಸಲು ಮತ್ತಷ್ಟು ಅಸಿಟೋನ್, ಹಲ್ಲುಜ್ಜುವ ಬ್ರಷ್, ಎರಡು ಗಂಟೆ. ಆಮೇಲೆ ತಗಡಿನ ಮುಚ್ಚಳದ ಗಾಜಿನ ಬಾಟಲಿ.

ಐದು ದಿನ ನೆನೆದ ಮೇಲೆ ಲಾಕನ್ನು ವೈಸಿಗೆ ಹಿಡಿದೆ, ದವಡೆಗೆ ತೊಗಲು ಕೊಟ್ಟು. ಕುದುರೆಯ ಮೇಲೆ ಹೆಬ್ಬೆರಳು ಒತ್ತಿದರೆ ಅಲುಗಿತೋ ಇಲ್ಲವೋ ಅನ್ನುವಷ್ಟು. ಟಂಬ್ಲರಿನ ಸಂದಿಯಲ್ಲಿ ಎಣ್ಣೆಯ ಒಂದು ಗುಳ್ಳೆ ಎದ್ದು ಒಡೆಯಿತು. ಅಂದರೆ ಒಳಗೆ ಜಾಗ ಬಿಟ್ಟಿದೆ. ಅಲ್ಲಿಂದ ಮುಂದೆ ಬರೀ ತಾಳ್ಮೆ. ಅರ್ಧ ಮಿಲಿಮೀಟರ್ ಮುಂದೆ, ಬಿಡು, ಹನಿ ಹಾಕು, ಮತ್ತೆ. ಪ್ರತಿ ಸಲ ಸಂದಿಯಿಂದ ಕಾಫಿ ಬಣ್ಣದ ರಸ ಜಿನುಗುತ್ತಿತ್ತು. ಒರೆಸಿ ಒರೆಸಿ ಒಂದು ಹಳೇ ಬನಿಯನ್ ಮುಗಿಯಿತು. 40 ನಿಮಿಷಕ್ಕೆ ಮೊದಲ ಕಚ್ಚಿಗೆ ಬಂದು ಕಟಕ್ ಅಂತ ನಿಂತಿತು. ಆ ಸದ್ದು ಕೇಳಿ ಮಾವ ಒಳಗಿಂದ ಎದ್ದು ಬಂದರು.

ಸ್ಪ್ರಿಂಗಿಗೆ ಕ್ಲಾಂಪ್ ಹಾಕಿ ತೆಗೆದೆ. ಕುದುರೆಯ ಸ್ಕ್ರೂ, ಸಿಯರ್ ಸ್ಪ್ರಿಂಗಿನ ಸ್ಕ್ರೂ, ಸಿಯರಿನ ಸ್ಕ್ರೂ ಮೂರೂ ಬಂದವು. ಕುದುರೆ ಟಂಬ್ಲರಿನ ಚೌಕದ ಮೇಲೆ ಬಿಗಿಯಾಗಿ ಕೂತಿತ್ತು. ಅದನ್ನು ಹೊರಗಿನಿಂದ ಮೀಟಬಾರದು, ತಟ್ಟೆ ಬಗ್ಗುತ್ತೆ. ತೂತು ಇರುವ ಮರದ ತುಂಡಿನ ಮೇಲೆ ಮಲಗಿಸಿ, ಟಂಬ್ಲರಿನ ತುದಿಗೆ ಹಿತ್ತಾಳೆ ಪಂಚ್ ಇಟ್ಟು ಒಳಗಡೆಗೆ ತಟ್ಟಬೇಕು. ಆದರೆ ಬ್ರೈಡಲ್ ಬರದೆ ಟಂಬ್ಲರ್ ಹೊರಗೆ ಬರಲ್ಲ. ಬ್ರೈಡಲಿನ ಸ್ಕ್ರೂ ಒಂದು ಉಳಿದಿತ್ತು.

ದಿನ 20: ಸೋತ ಸ್ಕ್ರೂ

ತಲೆ 4.5 ಮಿ.ಮೀ. ಸೀಳಿನ ಅರ್ಧ ಅಂಚು ನನಗಿಂತ ಮುಂಚೆ ಯಾರೋ ಹಾರಿಸಿದ್ದರು. ತುದಿ ನಿಲ್ಲಲು ಜಾಗವೇ ಇಲ್ಲ. ಕೆಟ್ಟ ಸ್ಕ್ರೂವನ್ನು ಒಳಗಿನಿಂದ ಕಚ್ಚಿ ಬಿಚ್ಚುವ, ಎಡಕ್ಕೆ ತಿರುಗುವ ಎಕ್ಸ್‌ಟ್ರಾಕ್ಟರ್ ಹಾಕೋಣ ಅಂತ 1.5 ಮಿ.ಮೀ. ತೂತು ಕೊರೆದೆ. ಎಕ್ಸ್‌ಟ್ರಾಕ್ಟರ್ ಕಚ್ಚಿಸಿ ತಿರುಗಿಸಿದೆ. ಪಟ್. ತುದಿ ಒಳಗೇ ಮುರಿಯಿತು. ಸ್ಕ್ರೂಗಿಂತ ಗಡಸಾದ ಉಕ್ಕು ಅದು, ಈಗ ತೂತಿನಲ್ಲಿ ಬೀಗ ಹಾಕಿದ ಹಾಗೆ ಕೂತಿದೆ. ಇಷ್ಟು ಸಣ್ಣ ಸ್ಕ್ರೂಗೆ ಎಕ್ಸ್‌ಟ್ರಾಕ್ಟರ್ ಇನ್ನು ಮುಟ್ಟಲ್ಲ.

ಒಂದು ವಾರ ಸುಮ್ಮನಿದ್ದೆ. ಆಮೇಲೆ ಮೊಂಡು ಉಪಾಯ. ಸಣ್ಣ ಡೈಮಂಡ್ ಬರ್‌ನಿಂದ ತಲೆಯನ್ನೇ ಸುತ್ತಲೂ ಸವೆಸಿದೆ, ಬ್ರೈಡಲಿಗೆ ತಾಗದ ಹಾಗೆ ಕೊನೆಯ ಕೂದಲಷ್ಟು ಬಿಟ್ಟು. ತಲೆ ಉಂಗುರದ ಹಾಗೆ ಕಳಚಿತು. ಬ್ರೈಡಲ್ ಎತ್ತಿದರೆ ಸ್ಕ್ರೂವಿನ 3 ಮಿ.ಮೀ. ಎತ್ತರದ ಮೊಂಡು ಕಾಂಡ ನಿಂತಿದೆ. ಸಣ್ಣ ಪ್ಲೈಯರಿನಲ್ಲಿ ಹಿಡಿದು ತಿರುಗಿಸಿದರೆ ಏನೂ ಜೋರಿಲ್ಲದೆ ಬಂದೇಬಿಟ್ಟಿತು! ಕಚ್ಚಿಕೊಂಡಿದ್ದು ಥ್ರೆಡ್ ಅಲ್ಲ, ತಲೆಯ ಕೆಳಗಿನ ಮುಖ. ಎಣ್ಣೆಯೆಲ್ಲ ಥ್ರೆಡ್ ಕಡೆಗೆ ಹಾಕುತ್ತಾ ಕೂತಿದ್ದೆ.

ಹೊಸ ಸ್ಕ್ರೂವಿನ ಕಥೆ ಚಿಕ್ಕದಾಗಿ ಹೇಳುತ್ತೇನೆ. ಕಾಂಡದ ದಪ್ಪ 3.4 ಮಿ.ಮೀ. 10 ಸುತ್ತಿಗೆ 6.3 ಮಿ.ಮೀ. ಬಂತು, ಅಂದರೆ ಇಂಚಿಗೆ 40 ಸುತ್ತು. 0.6ರ ಮೆಟ್ರಿಕ್ ಸ್ಕ್ರೂ ಹತ್ತಿರ ಹತ್ತಿರ ಅಂತ ಹಾಕಿ ನೋಡಿದೆ. ಮೂರು ಸುತ್ತು ಹೋಗಿ ಬಿಗಿಯಾಯಿತು. ಇನ್ನೊಂದು ಕಚ್ಚಿದ ಸ್ಕ್ರೂ ನಾನೇ ತಯಾರಿಸುತ್ತಿದ್ದೆ! ಬೆವರು ಒರೆಸಿ ವಾಪಸ್ ಬಿಚ್ಚಿದೆ. ಕೊನೆಗೆ ಹಳೇ ಕಾಂಡವನ್ನೇ ಮಾದರಿ ಕೊಟ್ಟು ಲೇಥಿನವರ ಹತ್ತಿರ ಮಾಡಿಸಿದೆ. ಮೂರನೆಯದು ಕೂತಿತು.

ಬಿಚ್ಚಿದ ಭಾಗಗಳ ತುಕ್ಕಿಗೆ ಆಸಿಡ್ ಹಾಕಲಿಲ್ಲ. ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್ ಇಟ್ಟು ಕರೆಂಟಿನಲ್ಲಿ ತುಕ್ಕು ತೆಗೆಯುವ ವಿಧಾನ ನನಗಿಷ್ಟ, ಆದರೆ ಸ್ಪ್ರಿಂಗುಗಳಿಗೆ ಅದು ಒಳ್ಳೆಯದಲ್ಲ, ಹೈಡ್ರೋಜನ್ ಸೇರಿ ಪೆಡಸಾಗಬಹುದು. ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಎಲ್ಲವನ್ನೂ ಅರ್ಧ ಗಂಟೆ ಕುದಿಸಿದೆ. ಕೆಂಪು ತುಕ್ಕು ಕಪ್ಪಾಗುತ್ತೆ. ಎಣ್ಣೆ ತೆಗೆದ ನಯವಾದ ಉಕ್ಕಿನ ನಾರಿನಿಂದ ಮೆಲ್ಲಗೆ ಉಜ್ಜಿದರೆ ಕಪ್ಪು ಮಸಿ ಹೋಗಿ ಕೆಳಗೆ ಗಟ್ಟಿ ಕಪ್ಪು ಬಣ್ಣ ನಿಲ್ಲುತ್ತೆ. ಲಾಕಿನ ತಟ್ಟೆಯ ಬಳ್ಳಿ ಕೆತ್ತನೆ ಆಗ ಮೊದಲ ಸಲ ಕಾಣಿಸಿತು. ನಾವದನ್ನು ತುಕ್ಕಿನ ಗೀರು ಅಂದುಕೊಂಡಿದ್ದೆವು.

ದಿನ 13ರಿಂದ 31: ನಿಪ್ಪಲ್

ಇದು ಉಳಿದ ಕೆಲಸದ ಜೊತೆಜೊತೆಗೇ ನಡೆಯಿತು. ನಿಪ್ಪಲಿನ ಬುಡದಲ್ಲಿ 6.2 ಮಿ.ಮೀ. ಚೌಕ. ರೆಡಿ ಸಿಗುವ ನಿಪ್ಪಲ್ ಪಾನಾದ ಗೋಡೆ ತೆಳು, ಮೊದಲ ಒತ್ತಿಗೇ ಬಾಯಿ ಬಿಟ್ಟಿತು. ಚೌಕದ ಮೂಲೆಗಳು ಒಂಚೂರು ಉರುಟಾದವು. ಅಲ್ಲಿಗೆ ನಿಲ್ಲಿಸಿದ್ದು ಒಳ್ಳೆಯದಾಯಿತು.

14 ಮಿ.ಮೀ. ದಪ್ಪದ ಹಳೇ ಬೋಲ್ಟಿನ ತುದಿಗೆ 6 ಮಿ.ಮೀ. ತೂತು ಕೊರೆದು, ಸಣ್ಣ ಚೌಕ ಅರದಿಂದ ಒಳಗೆ ಚೌಕ ಮಾಡಿದೆ. ಎರಡು ಗಂಟೆ, ಬೆರಳಲ್ಲಿ ಎರಡು ಬೊಕ್ಕೆ. ತೂತು ಆಳವಾಗಿರಬೇಕು, ಇಲ್ಲದಿದ್ದರೆ ನಿಪ್ಪಲಿನ ಮೂತಿ ತಳಕ್ಕೆ ತಾಗಿ ಪಾನಾ ಬುಡದವರೆಗೆ ಇಳಿಯಲ್ಲ. ನನ್ನದು ಮೊದಲು ಇಳಿಯಲಿಲ್ಲ, ಮತ್ತೆ 4 ಮಿ.ಮೀ. ಕೊರೆದೆ. ಅಡ್ಡಕ್ಕೆ ಒಂದು ಸರಳು ತೂರಿಸಿ ಟಿ ಆಕಾರ ಮಾಡಿದೆ. ಉದ್ದ ಹಿಡಿ ಒಂದೇ ಕಡೆ ಇದ್ದರೆ ಎಳೆತ ಓರೆಯಾಗಿ ನಿಪ್ಪಲ್ ಮುರಿಯುತ್ತೆ.

ನಳಿಗೆಯನ್ನು ಮರದಿಂದ ಬಿಡಿಸಿ ಬಾಯಿ ಮೇಲೆ ಮಾಡಿ ನಿಲ್ಲಿಸಿ, ಒಳಗೆ 30 ಮಿ.ಲೀ. ತೆಳು ಎಣ್ಣೆ ಬಿಟ್ಟೆ. ಹೊರಗಿನಿಂದಲೂ ಹನಿ. ವಾರಕ್ಕೆ ಮೂರು ಸಲ ಬಿಸಿ. ಅದಕ್ಕೆ ಮುಂಚೆ ಎಣ್ಣೆಯೆಲ್ಲ ಬಸಿದು ಒರೆಸಿ, ಬಯಲಿನಲ್ಲಿ ಮಾಡಿದ್ದು. ಅಸಿಟೋನ್ ಬೆರೆಸಿದ್ದನ್ನು ನಳಿಗೆಗೆ ಹಾಕಲೇ ಇಲ್ಲ. ಹೀಟ್ ಗನ್ ನಾಲ್ಕು ನಿಮಿಷ, ನೀರಿನ ಹನಿ ಚುಂಯ್ ಅನ್ನುವವರೆಗೆ ಮಾತ್ರ. ಜೋಡಿ ನಳಿಗೆಯಾಗಿದ್ದರೆ ಇನ್ನೂ ಹುಷಾರು ಬೇಕಿತ್ತು. ಎರಡನ್ನೂ ಸೇರಿಸುವ ಪಟ್ಟಿ ಬೆಸುಗೆಯಲ್ಲಿ ಕೂತಿರುತ್ತೆ, ಮೆದು ಬೆಸುಗೆ 180 ಡಿಗ್ರಿ ಆಸುಪಾಸಿನಲ್ಲೇ ಕರಗಲು ಶುರು ಮಾಡುತ್ತೆ.

ಬಿಸಿ ಇರುವಾಗ ಮೇಣದಬತ್ತಿಯನ್ನು ಬುಡಕ್ಕೆ ತಾಗಿಸಿದೆ. ಮೊದಲ ಮೂರು ಸಲ ಮೇಣ ಕರಗಿ ಹೊರಗೇ ಹರಿಯಿತು. ಐದನೇ ಸಲ ಅದು ನಿಪ್ಪಲಿನ ಸುತ್ತ ಒಂದು ಕ್ಷಣ ಹೊಳೆದು, ಮರಳಿನಲ್ಲಿ ನೀರು ಇಂಗುವ ಹಾಗೆ ಸಂದಿಗೆ ಇಳಿದುಹೋಯಿತು. ಸಂದಿ ತೆರೆದಿದೆ ಅಂತ ಗೊತ್ತಾಗಿದ್ದು ಆಗಲೇ.

ತಿರುಗುತ್ತಿದೆಯೋ ತಿರುಚುತ್ತಿದೆಯೋ ಕೈಗೆ ಗೊತ್ತಾಗಲ್ಲ. ಅದಕ್ಕೆ ನಿಪ್ಪಲ್ ಮತ್ತು ಬುಡ ಎರಡರ ಮೇಲೂ ಸೇರಿ ಸೂಜಿಯಲ್ಲಿ ಒಂದು ನೇರ ಗೆರೆ ಎಳೆದಿದ್ದೆ. ಪ್ರತಿ ಸಲ ಒತ್ತಿ, ಪಾನಾ ತೆಗೆದು, ಭೂತಕನ್ನಡಿಯಲ್ಲಿ ನೋಡುವುದು. 31ನೇ ದಿನ, ಎಂಟನೇ ಸಲದ ಬಿಸಿ ಆದ ಮೇಲೆ, ಗೆರೆ ಮುರಿದಿತ್ತು. ಕೂದಲಷ್ಟು. ಮೇಲಿನ ತುಂಡು ಬಿಚ್ಚುವ ಕಡೆಗೆ ಸರಿದಿತ್ತು.

"ಬಂತಾ?"

"ಗೆರೆ ಬಂದಿದೆ ಮಾವ. ನಿಪ್ಪಲ್ ಇನ್ನೂ ಇಲ್ಲ."

ಆ ದಿನವೇ ಎಳೆದುಬಿಡುವ ಆಸೆ ಇತ್ತು. ಬಿಗಿಯುವ ಕಡೆಗೆ ವಾಪಸ್ ತಂದು ಗೆರೆ ಕೂಡಿಸಿ, ಎಣ್ಣೆ ಬಿಟ್ಟು, ಊಟ ಮಾಡಿ ಬಂದೆ. ಆಮೇಲೆ ಮುಂದೆ ಹಿಂದೆ, ಮುಂದೆ ಹಿಂದೆ. ಒಂದೂವರೆ ಗಂಟೆಗೆ ಹೊರಬಂತು. ಕೊನೆಯ ಎರಡು ಸುತ್ತು ಥ್ರೆಡ್ ತಿಂದು ಹೋಗಿದೆ, ಆದರೆ ಬುಡದ ತೂತಿನ ಥ್ರೆಡ್ ಚೆನ್ನಾಗಿದೆ. ಹಳೇ ನಿಪ್ಪಲ್ಲನ್ನೇ ಗ್ರೀಸ್ ಹಚ್ಚಿ ಕೈಬಿಗಿ ಕೂರಿಸಿದ್ದೇನೆ. ಹೊಡೆಯುವ ಕೋವಿಯಾಗಿದ್ದರೆ ಇದನ್ನು ಎಸೆಯಬೇಕಿತ್ತು. ನಳಿಗೆಯ ಹಿಂದಿನ ದೊಡ್ಡ ಬಿರಡೆಯನ್ನು ಮುಟ್ಟಲಿಲ್ಲ. ಅದನ್ನು ಬಿಚ್ಚಿ ನನಗೆ ಆಗಬೇಕಾದ್ದು ಏನೂ ಇಲ್ಲ.

ಈಗ

ಒಟ್ಟು 37 ಗಂಟೆ. ಹಾಳಾದದ್ದು: ಸ್ಕ್ರೂಡ್ರೈವರ್ ಒಂದು, ಎಕ್ಸ್‌ಟ್ರಾಕ್ಟರ್ ಒಂದು, ನಿಪ್ಪಲ್ ಪಾನಾ ಒಂದು, ಡಬ್ಬಿ ಒಂದು. ಲಾಕು ಜೋಡಿಸಿ ಆಯಿತು. ಕುದುರೆ ಎರಡು ಕಚ್ಚಿಗೂ ಸರಿಯಾಗಿ ನಿಲ್ಲುತ್ತೆ. ನಿಪ್ಪಲಿಗೆ ಬಡಿಯದಿರಲಿ ಅಂತ ನಡುವೆ ತೊಗಲಿನ ಚೂರು ಇಟ್ಟು ಇಳಿಸುತ್ತೇವೆ. ಎಲ್ಲ ಸ್ಕ್ರೂಗಳ ಥ್ರೆಡ್ಡಿಗೂ, ತಲೆಯ ಕೆಳಗೂ ಗ್ರೀಸ್ ಹಚ್ಚಿದ್ದೇನೆ.

ಭುಜದ ತಟ್ಟೆಯ ಕೆಳಗಿನ ಸ್ಕ್ರೂ, ನಾಳೆ ನೋಡೋಣ ಅಂತ ಬಿಟ್ಟದ್ದು, 33ನೇ ದಿನ ತಲೆಯ ಹತ್ತಿರವೇ ಮುರಿಯಿತು. ಎರಡು ಸಲ ಬಿಸಿ ಕೊಟ್ಟು ಮೂರನೆಯದಕ್ಕೆ ಕಾಯಲಿಲ್ಲ. ಕಾಂಡ ಮರದೊಳಗೆ 20 ಮಿ.ಮೀ. ಇರಬಹುದು. ಸಣ್ಣ ಕೊಳವೆಯ ತುದಿಗೆ ಹಲ್ಲು ಕತ್ತರಿಸಿ, ಅದನ್ನು ಕಾಂಡದ ಸುತ್ತ ಇಳಿಸಿ ಮರದ ಸಮೇತ ತೆಗೆದು, ಆ ಜಾಗಕ್ಕೆ ಮರದ ಗೂಟ ಅಂಟಿಸುವ ಯೋಚನೆ ಇದೆ. 6 ಮಿ.ಮೀ. ಒಳ ಅಳತೆಯ ಉಕ್ಕಿನ ಕೊಳವೆ ಹುಡುಕುತ್ತಿದ್ದೇನೆ. ಅಲ್ಲಿಯವರೆಗೆ ತಟ್ಟೆ ಒಂದೇ ಸ್ಕ್ರೂ ಮೇಲೆ ನಿಂತಿದೆ. ಕೋವಿ ಗೋಡೆಗೆ ಹೋಗಿಲ್ಲ, ಮಾವನ ಬೀರುವಿನಲ್ಲೇ ಇದೆ.